ಸ್ವಭಾವದ ಹಾಳೆ

ತಾಯಿ ತೀರಿಹೋದಾಗಲೂ ಕುಮುದಾಳಿಗೆ ಅಳು ಬರಲಿಲ್ಲ. ಊಟದ ರುಚಿಯೂ ತಿಳಿಯದಂತಾದ ಮೇಲೆ ಗಂಡ ಅವಳನ್ನು ಮನೋವೈದ್ಯೆಯ ಬಳಿಗೆ ಕರೆತಂದ. ಹಣೆಗೆ ಪಟ್ಟಿ ಕಟ್ಟಿ ಮಿದುಳಿಗೆ ಸಣ್ಣಗೆ ಕರೆಂಟು ಹಾಯಿಸುವ ಚಿಕಿತ್ಸೆ ಹದಿನೈದು ದಿನ ನಡೆದರೂ ಏನೂ ಬದಲಾಗಲಿಲ್ಲ.

ಅವಳ ಸ್ವಭಾವದ ಬಗ್ಗೆ ಮೊದಲ ದಿನ ತುಂಬಿಸಿಕೊಂಡಿದ್ದ ಹಾಳೆಯನ್ನು ಡಾಕ್ಟರು ಮತ್ತೆ ತೆಗೆದರು.

"ಈ ಕರೆಂಟು ಒಬ್ಬೊಬ್ಬರ ಸ್ವಭಾವಕ್ಕೆ ಒಂದೊಂದು ಥರ ಕೆಲಸ ಮಾಡುತ್ತಮ್ಮ. ಇದನ್ನ ತುಂಬಿದ್ದು ಯಾರು?"

"ನಮ್ಮನೆಯವರು."

ಡಾಕ್ಟರು ಗಂಡನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು.

"ನಿಮಗೆ ಸಿಟ್ಟೇ ಬರಲ್ಲ ಅಂತ ಬರೆದಿದ್ದಾರೆ. ನಿಜವಾ?"

ಕುಮುದಾ ಕುರ್ಚಿಯಿಂದ ಎದ್ದು ಬಾಗಿಲ ಕಡೆ ತಿರುಗಿದಳು.

"ಒಂದ್ನಿಮಿಷ ಇರಿ ಡಾಕ್ಟ್ರೇ, ಅವರನ್ನೇ ಕೇಳ್ಕೊಂಡು ಬಂದು ಹೇಳ್ತೀನಿ."