ಮನೆ ಮುಂದಿನ ಬ್ಯಾಂಡು

ರೇಡಿಯೋ ಇನ್ನೂ ಬಾರದ ಕಾಲ. ಅಮೆರಿಕದ ಆ ಪುಟ್ಟ ಹಳ್ಳಿಯಲ್ಲಿ ಜುಲೈ ನಾಲ್ಕರ ಸ್ವಾತಂತ್ರ್ಯದ ಹಬ್ಬಕ್ಕೆ ಊರ ಬ್ಯಾಂಡಿನವರು ಮನೆಮನೆಯ ಮುಂದೆಯೂ ಬಾರಿಸುತ್ತ ಹೋಗುತ್ತಿದ್ದರು. ಹಬ್ಬವೇ ಇರಲಿ, ಏನೇ ಇರಲಿ, ಸಾವಾದ ಮನೆಯನ್ನು ಮಾತ್ರ ವಾದ್ಯ ತಗ್ಗಿಸಿ ಸದ್ದಿಲ್ಲದೆ ದಾಟುವುದು ಅವರ ಪದ್ಧತಿ. ಹೋದ ವರ್ಷ ಪಕ್ಕದ ಮನೆಯ ಅಜ್ಜ ತೀರಿಕೊಂಡಾಗ ಬ್ಯಾಂಡಿನ ತುತ್ತೂರಿಯವನ ಹೆಂಡತಿಯಾದ ಅವಳೇ ಕಿಟಕಿಯಲ್ಲಿ ನಿಂತು ಅದನ್ನು ನೋಡಿದ್ದಳು.

ಈ ಸಲ ಅವಳು ಬಾಣಂತಿ. ಮೈ ಸುಡುವ ಜ್ವರ. ಕೂಸಿಗೂ ತಗುಲೀತೆಂದು ಅದನ್ನು ನಿನ್ನೆಯಿಂದ ಆಚೆ ಕೋಣೆಯಲ್ಲಿ ಮಲಗಿಸಿದ್ದರು.

"ಅತ್ತೆ, ಮಗು ಒಂದ್ಸಲಾನೂ ಅಳಲೇ ಇಲ್ವಲ್ಲ?"

"ಹೊಟ್ಟೆ ತುಂಬಿದೆ ಕಣೇ, ಹಾಯಾಗಿ ನಿದ್ದೆ ಮಾಡ್ತಿದೆ. ನೀನೂ ಮಲಕ್ಕೋ."

"ಕಿಟಕಿ ತೆಗೀರಿ. ಮಗ ಹುಟ್ಟಿದ ಖುಷಿಗೆ ನಮ್ಮನೆ ಮುಂದೆ ಎಲ್ರಿಗಿಂತ ಜೋರಾಗಿ ತುತ್ತೂರಿ ಊದ್ತೀನಿ ಅಂದಿದ್ದಾರೆ ಇವರು."

ಅತ್ತೆ ಒಲ್ಲದ ಮನಸ್ಸಿನಿಂದ ಕಿಟಕಿ ತೆರೆದರು. ಬೀದಿಯ ತಿರುವಿನಲ್ಲಿದ್ದ ಬ್ಯಾಂಡಿನ ಸದ್ದು ಹತ್ತಿರವಾಗುತ್ತ ಪಕ್ಕದ ಮನೆಯವರೆಗೂ ಬಂತು. ಅವಳು ದಿಂಬಿಗೆ ಒರಗಿ ಕೂತು, ಕೆದರಿದ ಕೂದಲನ್ನು ಸರಿಮಾಡಿಕೊಂಡಳು.

ಇವರ ಮನೆಯ ಗೇಟಿನ ಹತ್ತಿರ ಬರುತ್ತಿದ್ದಂತೆ ಡ್ರಮ್ಮು ನಿಂತಿತು. ಉಳಿದ ವಾದ್ಯಗಳೂ ಒಂದೊಂದಾಗಿ ಸುಮ್ಮನಾಗತೊಡಗಿದವು. ಮಣ್ಣಿನ ಮೇಲೆ ಬೂಟುಗಳ ಸದ್ದು ಕೇಳಿಸತೊಡಗಿತು.

"ಯಾಕತ್ತೆ ನಿಲ್ಸಿದ್ರು?"

"ಮಗು... ಮಗೂಗೆ ಎಚ್ಚರ ಆಗ್ಬಾರ್ದು ಅಂತ ಇರ್ಬೇಕು," ಎಂದರು ಅತ್ತೆ.

ಬೀದಿಯಲ್ಲಿ ಅವಳ ಗಂಡನ ತುತ್ತೂರಿಯೊಂದೇ, ತಡವರಿಸುತ್ತ ತಡವರಿಸುತ್ತ, ಜೋರಾಗಿ ಮೊಳಗುತ್ತಲೇ ಇತ್ತು.