ಕೆಂಪು ಶಾಯಿಯ ಮಾಸಪತ್ರಿಕೆ

ಮೈದಾ ಅಂಟಿನ ಹುಳಿ ವಾಸನೆ ಬಂದರೆ ಈಗಲೂ ನನಗೆ ಚಾಮರಾಜಪೇಟೆಯ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಮಕ್ಕಳ ವಿಜ್ಞಾನದ ಮಾಸಪತ್ರಿಕೆಯೊಂದು ನನ್ನ ಹೆಸರಿಗೇ ಬರುತ್ತಿತ್ತು. ಆದರೆ ಮೊದಲು ಓದುತ್ತಿದ್ದವರು ತಾತ. ಮೇಷ್ಟರ ಕೆಲಸದಿಂದ ನಿವೃತ್ತರಾಗಿದ್ದರೂ ಕೆಂಪು ಪೆನ್ನು ಬಿಟ್ಟಿರಲಿಲ್ಲ. ಅವರು ತಿದ್ದಿದ ಮೇಲೆಯೇ ಪತ್ರಿಕೆ ನನ್ನ ಕೈಗೆ. ಆ ತಿಂಗಳು ಅಣೆಕಟ್ಟಿನ ಬಗ್ಗೆ ಲೇಖನವಿತ್ತು. ನುಣುಪಾದ ಹಾಳೆಯ ತುಂಬ ನೀಲಿ ನೀರಿನ ಚಿತ್ರ. ಅದರ ಪಕ್ಕದ ಮಾರ್ಜಿನ್ನಿನಲ್ಲಿ ತಾತ, ‘ನಮ್ಮೂರು ಈ ನೀರಿನ ಕೆಳಗಿದೆ. ಅದನ್ನು ಬರೆದಿಲ್ಲ’ ಎಂದು ಗೀಚಿದ್ದರು.

ಹೋಂವರ್ಕಿನ ಪ್ರಬಂಧಕ್ಕೆ ಲೇಖನವನ್ನು ನೋಡಿ ಬರೆಯುತ್ತಿದ್ದ ನಾನು ಆ ಕೆಂಪು ಸಾಲನ್ನೂ ಸೇರಿಸಿಬಿಟ್ಟೆ. ತಾತ ಅದೇ ಕೆಂಪು ಪೆನ್ನಿನಿಂದ ಅದನ್ನು ಹೊಡೆದುಹಾಕಿದರು.

“ಅದನ್ನ ಬರೀಬೇಡ ಮರಿ, ಮಿಸ್ಸು ಮಾರ್ಕ್ಸ್ ಕಟ್ ಮಾಡ್ತಾರೆ. ಅಚ್ಚಾಗಿರೋದನ್ನ ಮಾತ್ರ ಬರಿ.”

“ಹಾಗಾದ್ರೆ ನೀವು ಬರ್ದಿರೋದು ಸುಳ್ಳಾ ತಾತ?”

“ಸುಳ್ಳಲ್ಲ.”

“ಮತ್ತೆ ಅವರದ್ದು ಸುಳ್ಳಾ?”

“ಅದೂ ಸುಳ್ಳಲ್ಲ.”

ನನಗೆ ತಲೆಬುಡ ಅರ್ಥವಾಗಲಿಲ್ಲ. ಒಳಗಿನಿಂದ ಅಜ್ಜಿ, “ಪ್ರತಿ ತಿಂಗಳೂ ಬೈಕೊಂಡು ಓದ್ತಾರೆ, ನಿಲ್ಲಿಸ್ರೀ ಅಂದ್ರೆ ಮತ್ತೆ ಚಂದಾ ಕಟ್ಟಿ ಬರ್ತಾರೆ” ಎಂದು ಗೊಣಗಿದರು.

ತಾತ ಪತ್ರಿಕೆ ಹರಿಯದಿರಲೆಂದು ಅದರ ಬೆನ್ನಿಗೆ ಬೆರಳಿನಿಂದ ಅಂಟು ಸವರಿ, ಕಂದು ಕಾಗದದ ಪಟ್ಟಿ ಮೆತ್ತಿದರು. “ಓದೋರು ಬರ್ಕೊಳ್ಲಿ ಅಂತಾನೇ ಮಾರ್ಜಿನ್ ಬಿಟ್ಟಿರ್ತಾರೆ” ಎಂದರು.

ಅವರು ಕೈ ತೊಳೆಯಲು ಹೋದಾಗ ನಾನು ಸ್ಕೇಲ್ ಇಟ್ಟು ಅಳೆದೆ. ಎರಡು ಸೆಂಟಿಮೀಟರ್ ಕೂಡ ಇರಲಿಲ್ಲ.