ನೀಲಾಂಬಿಕಾಳ ಫಾರ್ಮ್‌ನಲ್ಲಿ ನಾನು ಬದಲಿಸಿದ ಭಾಷೆ

ಇದನ್ನು ನಾಲ್ಕು ಜನರಿಗೆ ಕಳಿಸುವ ಮುಂಚೆ ಒಂದು ಮಾತು ಹೇಳಿಬಿಡುತ್ತೇನೆ... ಇದರಲ್ಲಿ ತಪ್ಪು ಮಾಡಿದವನು ನಾನೇ.

ರಾಣೆಬೆನ್ನೂರಿನ ಬಸ್ ಸ್ಟ್ಯಾಂಡ್ ಎದುರು ನನ್ನದೊಂದು ಸೈಬರ್ ಸೆಂಟರ್ ಇದೆ. ಹನ್ನೆರಡು ವರ್ಷದಿಂದ ಮಕ್ಕಳ ಅರ್ಜಿ ತುಂಬಿ ತುಂಬಿ, ಯಾರಿಗೆ ಏನು ಒಳ್ಳೆಯದು ಅನ್ನುವುದು ಅವರ ಅಪ್ಪಂದಿರಿಗಿಂತ ನನಗೇ ಚೆನ್ನಾಗಿ ಗೊತ್ತು ಅನ್ನುವ ಕೊಬ್ಬು ಬೇರೆ!

ಒಂದು ದಿನ ನೀಲಾಂಬಿಕಾ ಬಂದಳು. ಬಿಎಸ್ಸಿ ಎರಡನೇ ವರ್ಷ... ಡಿಗ್ರಿ ಓದುತ್ತಲೇ ನೀಟ್‌ಗೆ ತಯಾರಿ. ಕೈಯಲ್ಲಿದ್ದ ಝುವಾಲಜಿ ರೆಕಾರ್ಡಿನ ಖಾಲಿ ಪುಟಗಳಲ್ಲೆಲ್ಲ ನೀಟ್ ಪ್ರಶ್ನೆಗಳನ್ನೇ ಬರೆದುಕೊಂಡಿದ್ದಳು.

"ಇದು ಮೂರನೇ ಸಲ ಅಣ್ಣಾ. ಆಗಲಿಲ್ಲಂದ್ರ ಮದುವಿ ಮಾಡ್ತೀನಿ ಅಂದಾನ ಅಪ್ಪ."

ಪ್ರಶ್ನೆಪತ್ರಿಕೆ ಯಾವ ಭಾಷೆಯಲ್ಲಿ ಬೇಕು ಅನ್ನುವ ಕಾಲಂ ಬಂತು.

"ಕನ್ನಡ ಹಾಕ್ರಿ."

ನಾನು ನಕ್ಕುಬಿಟ್ಟೆ. "ಕನ್ನಡದಾಗ ಬರದು ಡಾಕ್ಟರ್ ಆಗ್ತೀಯೇನ್ ತಂಗಿ?"

"ಎರಡು ಸಲ ಮಂದಿ ಮಾತು ಕೇಳಿ ಇಂಗ್ಲಿಷ್ ಹಾಕಿದ್ದೆ. ಪ್ರಶ್ನೆ ತಿಳ್ಕೊಳ್ಳೋದ್ರಾಗ ಟೈಮ್ ಮುಗೀತು. ಈ ಸಲ ಕನ್ನಡಾನ ಹಾಕ್ರಿ."

"ಹೂಂ" ಅಂದೆ... ಆದರೆ ಒತ್ತಿದ್ದು ಇಂಗ್ಲಿಷ್!

ಹುಡುಗಿಗೆ ತಿಳಿವಳಿಕೆ ಇಲ್ಲ, ಮುಂದೊಂದು ದಿನ ನನಗೇ ಥ್ಯಾಂಕ್ಸ್ ಹೇಳುತ್ತಾಳೆ ಅಂದುಕೊಂಡೆ. ಅವಳು ಪ್ರಿಂಟ್ ಮಡಚಿ ರೆಕಾರ್ಡಿನೊಳಗಿಟ್ಟು ಬಸ್ಸಿಗೆ ಓಡಿದಳು.

ತಿಂಗಳಾದ ಮೇಲೆ ಅದೇ ಪ್ರಿಂಟನ್ನು ತಂದು ನನ್ನ ಕೌಂಟರ್ ಮೇಲೆ ಬಡಿದಳು. ಅರ್ಜಿ ತಿದ್ದಲು ಅದೇ ಕೊನೆಯ ದಿನ. ಎಲ್ಲ ಸರಿಯಿದೆಯಾ ಅಂತ ನೋಡಲು ತೆಗೆದಾಗ ಕಂಡಿತಂತೆ.

"ಇದನ್ನ ಬದಲ್ ಮಾಡ್ರಿ ಅಂತ ನಿಮಗ ಯಾರು ಹೇಳಿದ್ರು?"

ಅಂಗಡಿ ತುಂಬ ಜನ. ನನಗೆ ಮುಖ ಎಲ್ಲಿಡಲಿ ಅನ್ನಿಸಿತು. "ನಿನ್ನ ಒಳ್ಳೇದಕ್ಕ ಮಾಡೀನಿ ತಂಗಿ..."

"ನನ್ನ ಒಳ್ಳೇದು ನನಗ ಗೊತ್ತೈತಿ!"

ಕಣ್ಣಲ್ಲಿ ನೀರಿತ್ತು. ದನಿ ಮಾತ್ರ ನಡುಗಲಿಲ್ಲ.

"ನಮ್ಮವ್ವಗ ಕೀಲುನೋವಿತ್ತು. ಡಾಕ್ಟರ್ ಇಂಗ್ಲಿಷಿನಾಗ ಪಟಪಟ ಹೇಳಿದ್ರು. ತಿಳೀಲಿಲ್ಲ ಅನ್ನಾಕ ನಾಚಿಕ್ಯಾಗಿ ಅವ್ವ ಹೂಂ ಅಂದು ಬಂದ್ಲು. ವಾರಕ್ಕೊಂದು ತಗೋಬೇಕಾದ ಗುಳಿಗಿ... ದಿನಾ ನುಂಗಿದ್ಲು. ತಿಂಗಳಾಗೂದ್ರಾಗ ಹೋಗಿಬಿಟ್ಲು ಅಣ್ಣಾ."

ಪ್ರಿಂಟನ್ನು ನನ್ನ ಕಡೆಗೆ ತಳ್ಳಿದಳು.

"ಇಂಗ್ಲಿಷ್ ನಾ ಕಲೀತೀನಿ. ಆದ್ರ ತಿಳೀದಿದ್ರೂ ಹೂಂ ಅನ್ನೂದನ್ನ ಮಾತ್ರ ಕಲಿಯೂದಿಲ್ಲ. ತಿದ್ರಿ! ಇಲ್ಲಾಂದ್ರ ಕುರ್ಚಿ ಬಿಡ್ರಿ, ನಾನ ತಿದ್ದತೀನಿ."

ಸೈಟ್ ಓಪನ್ ಆಗಲೇ ಇಲ್ಲ... ಮಧ್ಯಾಹ್ನವಿಡೀ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ಬೇರೆ ಗಿರಾಕಿಗಳನ್ನೆಲ್ಲ ಕಳಿಸಿಬಿಟ್ಟೆ. ಅವಳು ಗೋಡೆಗೆ ಒರಗಿ ರೆಕಾರ್ಡ್ ಬಿಚ್ಚಿ ಓದುತ್ತ ನಿಂತಳೇ ಹೊರತು ಅಲ್ಲಿಂದ ಒಂದು ಹೆಜ್ಜೆ ಕದಲಲಿಲ್ಲ.

ಸಂಜೆ ಐದಕ್ಕೆ ಪುಟ ತೆರೆಯಿತು. ನಾನು ಕುರ್ಚಿಯಿಂದ ಎದ್ದೆ. "ನೀನ ಒತ್ತವ್ವಾ."

ಅವಳೇ ಕೂತು ಕನ್ನಡ ಅಂತ ಒತ್ತಿದಳು.

ಮನೆಗೆ ಹೋದವನೇ ನಮ್ಮವ್ವನ ಬಿಪಿ ಗುಳಿಗೆಯ ಚೀಟಿ ಹುಡುಕಿದೆ. "ಅವ್ವಾ, ಡಾಕ್ಟರ್ ಹೇಳಿದ್ದು ನಿನಗ ತಿಳಿದಿತ್ತೇನ?"

"ಎಲ್ಲಿ ತಿಳೀಬೇಕಪಾ... ನೀ ಹೊರಗ ಫೋನಿನಾಗ ಮಾತಾಡಾಕತ್ತಿದ್ದಿ. ಹೂಂ ಅಂದು ಬಂದೆ."

ಎರಡು ಹೊತ್ತು ತಗೋಬೇಕಾದ ಗುಳಿಗೆಯನ್ನು ಅವ್ವ ಆರು ತಿಂಗಳಿಂದ ಒಂದೇ ಹೊತ್ತು ತಗೊಳ್ಳುತ್ತಿದ್ದಳು. ಊರಿಗೆಲ್ಲ ಬುದ್ಧಿ ಹೇಳುವ ನಾನು ಆ ಚೀಟಿ ಹಿಡಿದುಕೊಂಡು ಅತ್ತುಬಿಟ್ಟೆ.

ಪರೀಕ್ಷೆ ಮುಗಿದು ನೀಲಾಂಬಿಕಾಳ ರಿಸಲ್ಟ್ ಬಂತು... ಸರ್ಕಾರಿ ಸೀಟು ಸಿಗುವಂಥ ರ‍್ಯಾಂಕ್! ಮದುವೆ ಮಾಡುತ್ತೇನೆ ಅಂದಿದ್ದ ಅಪ್ಪನೇ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಅಂಗಡಿಗೆ ಬಂದ. ಕಾಲೇಜು ಆಯ್ಕೆ ಮಾಡುವ ಅರ್ಜಿ ತುಂಬಬೇಕಿತ್ತು.

ಒಂದೊಂದು ಕಾಲಂ ಅನ್ನೂ ಗಟ್ಟಿಯಾಗಿ ಓದಿ ಹೇಳಿದೆ. "ಮೊದಲ ಯಾವ ಕಾಲೇಜ್ ಹಾಕಲಿ, ಡಾಕ್ಟರಮ್ಮಾ?"

"ಇನ್ನೂ ಆಗಿಲ್ರೀ ಅಣ್ಣಾ" ಅಂತ ನಕ್ಕಳು. "ಆದ್ರ ಈ ಸಲ ಕೇಳಿದ್ರಲ್ಲ... ಅಷ್ಟ ಸಾಕು."

*ಒಬ್ಬರಿಗೆ ಒಳ್ಳೆಯದು ಮಾಡುವ ಮೊದಲು ಅವರನ್ನೇ ಒಂದು ಮಾತು ಕೇಳಿ.*

ನಿಮ್ಮ ಮನೆಯಲ್ಲಿ ತಿಳಿಯದೆಯೇ "ಹೂಂ" ಅಂದು ಸುಮ್ಮನಾದವರು ಯಾರಿದ್ದಾರೆ... ಇವತ್ತು ಕೇಳುತ್ತೀರಾ?